ಹಳೆಯ ನೋಟ, ಹೊಸ ನೌಕೆ



ದತ್ತಿ ಉಪನ್ಯಾಸವೆಂದರೆ ಪಂಪನೋ ಕುಮಾರವ್ಯಾಸನೋ ಇರಬೇಕು ಎಂಬುದು ರೂಢಿ. ಡಿ.ವಿ.ಜಿ. ಹುಟ್ಟಿದ ಮುಳಬಾಗಿಲು, ಮಾಸ್ತಿಯವರು ಹುಟ್ಟಿದ ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿ ಇರುವ ಈ ಕೋಲಾರ ಸೀಮೆಯಲ್ಲಿ ಆ ರೂಢಿಗೆ ಇನ್ನೂ ಬಲ. ಅಂಥ ಕಡೆ ನಾನು ಡಾ. ರಾಜ್‌ಕುಮಾರ್ ಅವರ ಒಂದು ಸಿನಿಮಾವನ್ನೂ ಅಮೆರಿಕದ ಟಿ.ವಿ. ಧಾರಾವಾಹಿಯೊಂದರ ಒಂದೇ ಒಂದು ಕಂತನ್ನೂ ಹಿಡಿದುಕೊಂಡು ಬಂದಿದ್ದೇನೆ. ವಿಷಯ ಹೇಳಿದಾಗ ಸಂಘಟಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಆಗಲಿ ಸಾರ್, ಹುಡುಗರು ಕೂತು ಕೇಳ್ತಾರೆ" ಎಂದರು. ಕೂತು ಕೇಳುತ್ತೀರೋ ಇಲ್ಲವೋ ನೋಡೋಣ.

1965ರಲ್ಲಿ ತೆರೆಕಂಡ 'ಸತ್ಯ ಹರಿಶ್ಚಂದ್ರ' 2008ರಲ್ಲಿ ಬಣ್ಣ ಬಳಿಸಿಕೊಂಡು ಮತ್ತೆ ಚಿತ್ರಮಂದಿರಕ್ಕೆ ಬಂತು. ಹುಣಸೂರು ಕೃಷ್ಣಮೂರ್ತಿಯವರ ನಿರ್ದೇಶನ, ಕೆ.ವಿ. ರೆಡ್ಡಿಯವರ ನಿರ್ಮಾಣ, ಪೆಂಡ್ಯಾಲ ನಾಗೇಶ್ವರ ರಾವ್ ಅವರ ಸಂಗೀತ. ಹರಿಶ್ಚಂದ್ರನಾಗಿ ರಾಜ್‌ಕುಮಾರ್, ಚಂದ್ರಮತಿಯಾಗಿ ಪಂಡರಿಬಾಯಿ, ವಿಶ್ವಾಮಿತ್ರನಾಗಿ ಉದಯಕುಮಾರ್, ನಕ್ಷತ್ರಿಕನಾಗಿ ನರಸಿಂಹರಾಜು, ವೀರಬಾಹುವಾಗಿ ಎಂ.ಪಿ. ಶಂಕರ್. ಇಷ್ಟು ಹೇಳಿದರೆ ನಮ್ಮ ತಲೆಮಾರಿನವರಿಗೆ ಇಡೀ ಸಿನಿಮಾ ಕಣ್ಣ ಮುಂದೆ ಓಡುತ್ತದೆ. ದಕ್ಷಿಣ ಭಾರತದಲ್ಲಿ ಹೀಗೆ ಕಂಪ್ಯೂಟರಿನಿಂದ ಬಣ್ಣ ಪಡೆದ ಮೊದಲ ಕಪ್ಪುಬಿಳುಪು ಚಿತ್ರ ಇದು. ಹಿಂದಿಯ 'ಮೊಘಲ್-ಎ-ಆಜಮ್' 2004ರಲ್ಲೇ ದಾರಿ ತೋರಿಸಿತ್ತು. ಇಲ್ಲಿ ಜನ ಕೈಬಿಡಲಿಲ್ಲ. ಚಿತ್ರ ಚೆನ್ನಾಗಿಯೇ ಓಡಿತು. ಆಮೇಲೆ 1971ರ 'ಕಸ್ತೂರಿ ನಿವಾಸ'ವೂ 2014ರಲ್ಲಿ ಬಣ್ಣದಲ್ಲಿ ಬಂತು. ಕೆ.ಸಿ.ಎನ್. ಗೌಡರು ನಿರ್ಮಿಸಿದ್ದ, ದೊರೈ–ಭಗವಾನ್ ನಿರ್ದೇಶಿಸಿದ್ದ ಚಿತ್ರ ಅದು.

ಬಣ್ಣ ಬಂದಾಗ ಎರಡು ಮಾತು ಕೇಳಿಬಂದವು. "ಅಣ್ಣಾವ್ರನ್ನ ಬಣ್ಣದಲ್ಲಿ ನೋಡೋದೇ ಒಂದು ಭಾಗ್ಯ" ಎಂಬುದು ಒಂದು. "ಚೆನ್ನಾಗಿದ್ದದ್ದನ್ನು ಯಾಕೆ ಮುಟ್ಟಬೇಕಿತ್ತು" ಎಂಬುದು ಇನ್ನೊಂದು. ಎರಡೂ ಪ್ರೀತಿಯ ಮಾತುಗಳೇ. ನನಗೆ ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಇಷ್ಟವಿಲ್ಲ. ಮುಟ್ಟುವುದಾದರೆ ಯಾವುದನ್ನು ಮುಟ್ಟಬೇಕು, ಯಾವುದರ ತಂಟೆಗೆ ಹೋಗಬಾರದು ಎಂದು ಕೇಳಿಕೊಳ್ಳುವುದು ಮೇಲು. ಅದಕ್ಕೆ ಸ್ವಲ್ಪ ದೂರದ ಒಂದು ಉದಾಹರಣೆ ಬೇಕು.

1980ರ ದಶಕದ ನಡುವೆ ದೂರದರ್ಶನದಲ್ಲಿ ಭಾನುವಾರಗಳಂದು 'ಸ್ಟಾರ್ ಟ್ರೆಕ್' ಎಂಬ ಬಾಹ್ಯಾಕಾಶದ ಧಾರಾವಾಹಿ ಬರುತ್ತಿತ್ತು. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಕೋಲಾರದ ಬೀದಿಗಳಲ್ಲಿ ಟಿ.ವಿ. ಇದ್ದ ಮನೆ ಯಾವುದೆಂದು ಮಹಡಿಯ ಮೇಲಿನ ಆಂಟೆನಾ ನೋಡಿ ಹೇಳಬಹುದಾಗಿತ್ತು. ಒಬ್ಬ ಮೇಲೆ ನಿಂತು ಅದನ್ನು ತಿರುಗಿಸುವುದು, ಕೆಳಗಿನಿಂದ ಇಡೀ ಮನೆ "ಬಂತು, ಬಂತು... ಹೋಯ್ತು, ಹಿಂದಕ್ಕೆ" ಎಂದು ಕೂಗುವುದು. ಇಂಗ್ಲಿಷು ನಮಗೆ ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲ. ಆದರೂ ಕಿವಿ ಚೂಪಾಗಿದ್ದ ಆ ಸ್ಪಾಕ್ ಎಂಬ ಮನುಷ್ಯ ಹುಬ್ಬೇರಿಸಿದರೆ ನಾವೂ ಹುಬ್ಬೇರಿಸುತ್ತಿದ್ದೆವು.

ಇಲ್ಲೊಂದು ತಮಾಷೆ ಇದೆ. ಸ್ಟಾರ್ ಟ್ರೆಕ್ 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದದ್ದು ಬಣ್ಣದಲ್ಲಿ. ಆ ವಾಹಿನಿಯ ಒಡೆತನ ಆರ್‌ಸಿಎ ಕಂಪನಿಯದು; ಕಲರ್ ಟಿ.ವಿ. ಮಾರುತ್ತಿದ್ದ ಕಂಪನಿ ಅದು. ಹಾಗಾಗಿ ನೌಕೆಯ ಸಿಬ್ಬಂದಿಗೆ ಹಳದಿ, ನೀಲಿ, ಕೆಂಪು ಅಂಗಿಗಳು ಕಣ್ಣಿಗೆ ರಾಚುವಂತಿದ್ದವು. ಅಪರಿಚಿತ ಗ್ರಹಕ್ಕೆ ಇಳಿದಾಗ ಕೆಂಪಂಗಿಯವನು ಸಾಯುತ್ತಾನೆ ಎಂಬುದು ಅಲ್ಲಿನ ಅಭಿಮಾನಿಗಳ ಹಳೆಯ ಜೋಕು. ನಮ್ಮ ಕಪ್ಪುಬಿಳುಪು ಸೆಟ್ಟಿನಲ್ಲಿ ಎಲ್ಲರ ಅಂಗಿಯೂ ಬೂದಿ ಬಣ್ಣ. ಯಾರು ಸಾಯುತ್ತಾರೆಂದು ಕೊನೆಯವರೆಗೂ ಗೊತ್ತಾಗುತ್ತಿರಲಿಲ್ಲ! ಅಂದರೆ ಬಣ್ಣದಲ್ಲಿ ತೆಗೆದ ಸ್ಟಾರ್ ಟ್ರೆಕ್ಕನ್ನು ನಾವು ಕಪ್ಪುಬಿಳುಪಿನಲ್ಲಿ ನೋಡಿದೆವು. ಕಪ್ಪುಬಿಳುಪಿನಲ್ಲಿ ತೆಗೆದ ಹರಿಶ್ಚಂದ್ರನನ್ನು ನಮ್ಮ ಮಕ್ಕಳು ಬಣ್ಣದಲ್ಲಿ ನೋಡುತ್ತಿದ್ದಾರೆ. ಮೂಲ ಎಂದರೆ ನಾನು ಮೊದಲು ನೋಡಿದ್ದು ಎಂದು ಹಟ ಹಿಡಿದರೆ, ಸ್ಟಾರ್ ಟ್ರೆಕ್ ಕಪ್ಪುಬಿಳುಪು ಧಾರಾವಾಹಿ ಎಂದು ನಾನು ವಾದ ಮಾಡಬೇಕಾಗುತ್ತದೆ. ನೆನಪನ್ನು ನಂಬಿ ಈ ಪ್ರಶ್ನೆಗೆ ತೀರ್ಪು ಕೊಡಲಾಗದು.

ಈಗ ಆ ಒಂದು ಕಂತಿಗೆ ಬರೋಣ. ಹೆಸರು 'ದಿ ಡೂಮ್ಸ್‌ಡೇ ಮಷೀನ್'. ಬರೆದವರು ನಾರ್ಮನ್ ಸ್ಪಿನ್ರಾಡ್, ನಿರ್ದೇಶನ ಮಾರ್ಕ್ ಡೇನಿಯಲ್ಸ್, ಮೊದಲು ಪ್ರಸಾರವಾದದ್ದು 1967ರ ಅಕ್ಟೋಬರ್ 20. ಕಥೆ ಇಷ್ಟು: ಯಾವುದೋ ಕಾಲದ ಯಾವುದೋ ಯುದ್ಧಕ್ಕೆಂದು ಯಾರೋ ಕಟ್ಟಿದ ಒಂದು ಯಂತ್ರ, ಕಟ್ಟಿದವರು ಹೋದ ಮೇಲೂ ಗ್ರಹಗಳನ್ನು ಒಡೆದು ನುಂಗುತ್ತಾ ಬರುತ್ತಿದೆ. ಅದರ ದಾರಿಯಲ್ಲಿ ಕಾನ್‌ಸ್ಟೆಲೇಷನ್ ಎಂಬ ನೌಕೆ ನುಚ್ಚುನೂರಾಗಿ ತೇಲುತ್ತಿದೆ. ಒಳಗೆ ಬದುಕಿರುವವನು ಅದರ ಮುಖ್ಯಸ್ಥ ಡೆಕರ್ ಒಬ್ಬನೇ. ನೌಕೆ ಉಳಿಯುವುದಿಲ್ಲವೆಂದು ತಿಳಿದು ತನ್ನ ಸಿಬ್ಬಂದಿಯನ್ನೆಲ್ಲ ಹತ್ತಿರದ ಮೂರನೆಯ ಗ್ರಹಕ್ಕೆ ಇಳಿಸಿದ್ದ. ಯಂತ್ರ ಆ ಗ್ರಹವನ್ನೇ ನುಂಗಿತು. ಜನರನ್ನು ಎಲ್ಲಿ ಬಿಟ್ಟೆ ಎಂದು ಧಾರಾವಾಹಿಯ ನಾಯಕ ಕರ್ಕ್ ಕೇಳುತ್ತಾನೆ. ಮೂರನೆಯ ಗ್ರಹ ಎಂದು ಉತ್ತರ. ಅಲ್ಲಿ ಮೂರನೆಯ ಗ್ರಹವೇ ಇಲ್ಲವಲ್ಲ ಎಂದರೆ ಆ ಮನುಷ್ಯ ಒಡೆದುಹೋಗುತ್ತಾನೆ. ವಿಲಿಯಂ ವಿಂಡಮ್ ಎಂಬ ನಟ, ಮೂರು ದಿನದ ಗಡ್ಡ, ನಡುಗುವ ಬಾಯಿ. ಈ ದೃಶ್ಯದಲ್ಲಿ ಒಂದೇ ಒಂದು ತಂತ್ರದ ಚಮತ್ಕಾರವಿಲ್ಲ. ಕಂತಿನ ಜೀವ ಇರುವುದು ಇಲ್ಲೇ.

ಚಮತ್ಕಾರದ ಪಾಲಿಗೆ ಬಂದರೆ 1967ರ ದುಡ್ಡಿನ ಬಡತನ ಎದ್ದು ಕಾಣುತ್ತದೆ. ಧಾರಾವಾಹಿಯ ಮುಖ್ಯ ನೌಕೆ ಎಂಟರ್‌ಪ್ರೈಸ್‌ನ ಮಾದರಿ ಹನ್ನೊಂದು ಅಡಿಗೂ ಮಿಕ್ಕಿದ ಉದ್ದದ್ದು. ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಾಯು ಮತ್ತು ಬಾಹ್ಯಾಕಾಶ ವಸ್ತುಸಂಗ್ರಹಾಲಯದಲ್ಲಿದೆ. ದೀಪಗಳ ವೈರು ಎಡಪಕ್ಕದಿಂದ ಒಳಗೆ ಹೋಗುತ್ತಿದ್ದುದರಿಂದ ಆ ಪಕ್ಕವನ್ನು ಪೂರ್ತಿ ಮಾಡಿಯೇ ಇರಲಿಲ್ಲ. ಕ್ಯಾಮೆರಾ ಯಾವಾಗಲೂ ಬಲಮಗ್ಗುಲಿಗೇ ನಿಲ್ಲಬೇಕು. ಇನ್ನು ಒಡೆದ ನೌಕೆ ಕಾನ್‌ಸ್ಟೆಲೇಷನ್? ಮಕ್ಕಳು ಅಂಗಡಿಯಲ್ಲಿ ಕೊಂಡು ಅಂಟು ಹಾಕಿ ಜೋಡಿಸುವ ಎಎಂಟಿ ಕಂಪನಿಯ ಪ್ಲಾಸ್ಟಿಕ್ ಕಿಟ್ ಅದು. ಜೋಡಿಸಿ, ಅಲ್ಲಲ್ಲಿ ಸುಟ್ಟು, ಕರಗಿಸಿ ಯುದ್ಧದಲ್ಲಿ ಪೆಟ್ಟು ತಿಂದಂತೆ ಮಾಡಿದರು. ಕಿಟ್ಟಿನ ಜೊತೆ ಬಂದ ಅಂಟುಚೀಟಿಯಲ್ಲಿ ಇದ್ದದ್ದು ಎಂಟರ್‌ಪ್ರೈಸ್‌ನ ಸಂಖ್ಯೆ, 1701. ಅವೇ ಅಂಕಿಗಳನ್ನು ಹಿಂದುಮುಂದು ಮಾಡಿ 1017 ಎಂದು ಅಂಟಿಸಿದರು. ಕಾನ್‌ಸ್ಟೆಲೇಷನ್ನಿನ ನೋಂದಣಿ ಸಂಖ್ಯೆ ಹುಟ್ಟಿದ್ದು ಹೀಗೆ. ಗ್ರಹ ನುಂಗುವ ಯಂತ್ರವಂತೂ, ವಿಮಾನ ನಿಲ್ದಾಣದ ಗಾಳಿಚೀಲವನ್ನು ಸಿಮೆಂಟಿನಲ್ಲಿ ಅದ್ದಿದ ಹಾಗಿದೆ ಎಂದು ಕಥೆ ಬರೆದ ಸ್ಪಿನ್ರಾಡ್ ಅವರೇ ಗೇಲಿ ಮಾಡಿದ್ದುಂಟು.

2006ರಲ್ಲಿ ಈ ಧಾರಾವಾಹಿಯ ಎಪ್ಪತ್ತೊಂಬತ್ತು ಕಂತುಗಳನ್ನೂ ಹೊಸದಾಗಿಸುವ ಕೆಲಸ ಶುರುವಾಯಿತು. ಕಾರಣ ಸರಳ. ಹೈ ಡೆಫಿನಿಷನ್ ಟಿ.ವಿ. ಬಂದಿತ್ತು. ನಟರು ಇರುವ ದೃಶ್ಯಗಳ 35 ಎಂಎಂ ನೆಗೆಟಿವ್ ಚೆನ್ನಾಗಿ ಉಳಿದಿತ್ತು; ಅದನ್ನು ಸ್ಕ್ಯಾನ್ ಮಾಡಿದರೆ ಅಂಗಿಯ ನೂಲೂ ಕಾಣುತ್ತಿತ್ತು. ಬಾಹ್ಯಾಕಾಶದ ದೃಶ್ಯಗಳ ಕಥೆ ಬೇರೆ. ನೌಕೆಯನ್ನು ಒಂದು ಫಿಲ್ಮಿನಲ್ಲಿ, ನಕ್ಷತ್ರಗಳನ್ನು ಇನ್ನೊಂದರಲ್ಲಿ, ಗ್ರಹವನ್ನು ಮತ್ತೊಂದರಲ್ಲಿ ತೆಗೆದು, ಒಂದರ ಮೇಲೊಂದು ಮುದ್ರಿಸಿ ಕೂಡಿಸುತ್ತಿದ್ದರು. ಹೀಗೆ ಪ್ರತಿಯ ಪ್ರತಿ ತೆಗೆದಷ್ಟೂ ಚಿತ್ರದಲ್ಲಿ ಕಾಳುಕಾಳು ಹೆಚ್ಚುತ್ತದೆ, ಮಬ್ಬು ಕವಿಯುತ್ತದೆ. ನಟರು ನಿನ್ನೆ ತೆಗೆದಂತೆ ಹೊಳೆಯುವಾಗ ಅವರು ಕುಳಿತ ನೌಕೆ ಮಸುಕು ಮಸುಕು. ಮೈಕಲ್ ಒಕುಡಾ, ಡೆನಿಸ್ ಒಕುಡಾ, ಡೇವಿಡ್ ರೋಸಿ ಇವರಿದ್ದ ತಂಡ ಆ ದೃಶ್ಯಗಳನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿತು. 'ಡೂಮ್ಸ್‌ಡೇ ಮಷೀನ್' ಹೊಸ ರೂಪದಲ್ಲಿ ಬಂದದ್ದು 2007ರ ಫೆಬ್ರವರಿಯಲ್ಲಿ.

ಎರಡನ್ನೂ ಒಂದರ ಪಕ್ಕ ಒಂದಿಟ್ಟು ನೋಡಿ. ಹೊಸದರಲ್ಲಿ ಯಂತ್ರದ ಆಕಾರ ಅದೇ, ಆದರೆ ಅದಕ್ಕೆ ಗಾತ್ರ ಬಂದಿದೆ. ಗ್ರಹ ನುಂಗುವುದು ಸುಳ್ಳಲ್ಲ ಅನ್ನಿಸುತ್ತದೆ. ಕಾನ್‌ಸ್ಟೆಲೇಷನ್ ಆಟಿಕೆಯಂತೆ ತೂಗಾಡುವುದಿಲ್ಲ, ಸತ್ತ ಹಡಗಿನ ಭಾರ ಅದಕ್ಕಿದೆ. ಅದರ ಮೈಮೇಲಿನ ಸಂಖ್ಯೆ ಮಾತ್ರ ಇನ್ನೂ 1017. ಅಂಟುಚೀಟಿಯ ಬಡತನದಿಂದ ಹುಟ್ಟಿದ ಅಂಕಿಯನ್ನು ಬದಲಿಸಲು ಯಾವ ಅಡ್ಡಿಯೂ ಇರಲಿಲ್ಲ, ಬದಲಿಸಲಿಲ್ಲ. ಆ ತಂಡದ ಮೇಲೆ ನನಗೆ ಗೌರವ ಬಂದದ್ದು ಇಲ್ಲಿ.

ಡೆಕರ್‌ನ ಕೊನೆಯನ್ನೂ ನೋಡಿ. ಪಶ್ಚಾತ್ತಾಪದಿಂದ ಬೆಂದ ಮನುಷ್ಯ ಒಂದು ಪುಟ್ಟ ನೌಕೆಯನ್ನು ಕದ್ದುಕೊಂಡು ಒಬ್ಬನೇ ನೇರ ಆ ಯಂತ್ರದ ಬಾಯಿಗೆ ಹೋಗುತ್ತಾನೆ. ಕ್ಯಾಮೆರಾ ಅವನ ಮುಖಕ್ಕೆ ಹತ್ತಿರವಾಗುತ್ತದೆ, ಕಣ್ಣುಗಳು ಅಗಲವಾಗುತ್ತವೆ. 1967ರಲ್ಲಿ ವಿಂಡಮ್ ಎದುರು ಯಂತ್ರವೂ ಇರಲಿಲ್ಲ, ಬಾಯಿಯೂ ಇರಲಿಲ್ಲ. ಸ್ಟುಡಿಯೋದ ಕತ್ತಲೆಯಲ್ಲಿ ಒಂದು ದಿಕ್ಕಿಗೆ ನೋಡು ಎಂದಿದ್ದರು, ನೋಡಿದ. ಆ ನೋಟ ಎಷ್ಟು ಹೊತ್ತು ನಿಂತಿತೋ, ಎಷ್ಟು ಹೆದರಿತೋ, ನಲವತ್ತು ವರ್ಷದ ಮೇಲೆ ಕಂಪ್ಯೂಟರಿನ ಮುಂದೆ ಕುಳಿತವನು ಅದನ್ನೇ ಅಳತೆಗೋಲು ಮಾಡಿಕೊಂಡು ಯಂತ್ರವನ್ನು ಕಟ್ಟಬೇಕು. ಯಂತ್ರ ಚಿಕ್ಕದಾದರೆ ಹೆದರಿಕೆ ನಗೆಪಾಟಲು. ತೀರ ದೊಡ್ಡದಾಗಿ ಥಳಥಳಿಸಿದರೆ ನಾವು ಯಂತ್ರವನ್ನು ನೋಡುತ್ತೇವೆ, ಮನುಷ್ಯನನ್ನು ಬಿಡುತ್ತೇವೆ. ಹೊಸ ತಂತ್ರ ಹಳೆಯ ನಟನ ನೋಟಕ್ಕೆ ಅಡಿಯಾಳಾಗಿರಬೇಕು. ನಾನು ಹೇಳಲು ಬಂದ ಮಾತು ಇದೊಂದೇ; ಉಳಿದದ್ದೆಲ್ಲ ಇದರ ವಿವರ.

ಈ ಅಳತೆಗೋಲು ಹಿಡಿದು ನಮ್ಮ ಊರಿಗೆ ಬರೋಣ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಶಾಲೆ ಕನ್ನಡ. ಅಲ್ಲಿನ ಟೂರಿಂಗ್ ಟಾಕೀಸುಗಳ ನೆನಪು ತೆಗೆದರೆ ರಾಜ್‌ಕುಮಾರ್ ಅವರ ಪಕ್ಕದಲ್ಲೇ ಎನ್.ಟಿ. ರಾಮರಾವ್ ನಿಂತಿರುತ್ತಾರೆ. 'ಸತ್ಯ ಹರಿಶ್ಚಂದ್ರ'ದ ನಿರ್ಮಾಪಕ ಕೆ.ವಿ. ರೆಡ್ಡಿಯವರೇ 1957ರಲ್ಲಿ ನಿರ್ದೇಶಿಸಿದ 'ಮಾಯಾಬಜಾರ್' ಚಿತ್ರವನ್ನು ಇಲ್ಲಿ ನೋಡದ ಹಿರಿಯರು ಕಡಿಮೆ. ವಿಜ್ಞಾನ ಕಥೆ ನಮ್ಮದಲ್ಲ ಎನ್ನುವವರು ಆ ಚಿತ್ರದ ಪ್ರಿಯದರ್ಶಿನಿ ಪೆಟ್ಟಿಗೆಯನ್ನು ನೆನಪಿಸಿಕೊಳ್ಳಿ. ಮುಚ್ಚಳ ತೆಗೆದರೆ ನೋಡುವವರ ಪ್ರೀತಿಯ ವ್ಯಕ್ತಿ ದೂರದಿಂದ ಅದರಲ್ಲಿ ಕಾಣಿಸುತ್ತಾರೆ. ಶಶಿರೇಖೆ ಅದರಲ್ಲಿ ಅಭಿಮನ್ಯುವಿನ ಜೊತೆ ಮಾತಾಡುತ್ತಾಳೆ. ಇವತ್ತಿನ ಹುಡುಗರು ಅದನ್ನು ಲ್ಯಾಪ್‌ಟಾಪ್ ಎಂದೇ ಕರೆಯುತ್ತಾರೆ, ತಪ್ಪಿಲ್ಲ.

ಆ ಚಿತ್ರದ ಕ್ಯಾಮೆರಾ ಮಾರ್ಕಸ್ ಬಾರ್ಟ್ಲಿಯವರದು. ಮದ್ರಾಸಿನಲ್ಲಿ ಸುಮಾರು 50 ಅಡಿಗೆ 60 ಅಡಿ ಜಾಗದೊಳಗೆ ಮುನ್ನೂರರಷ್ಟು ಪುಟ್ಟ ಮನೆಗಳನ್ನು ನಿಲ್ಲಿಸಿ, ದೀಪ ಹಾಕಿಸಿ ದ್ವಾರಕೆಯನ್ನು ಕಟ್ಟಿದ್ದರು. ದೋಣಿಯ ಹಾಡಿಗೆ ಬೆಳದಿಂಗಳು ಬೇಕಿತ್ತು. ಬೆಳಕನ್ನು ಪಳಗಿಸಿ ಬೆಳದಿಂಗಳು ಮಾಡಿದರು. ಘಟೋತ್ಕಚನ ಊಟದಲ್ಲಿ ತಟ್ಟೆಗಳು ತಾವಾಗಿ ಜರುಗುತ್ತವೆ, ಲಡ್ಡುಗಳು ಹಾರಿ ಬಾಯಿಗೆ ಬೀಳುತ್ತವೆ. ಎಸ್.ವಿ. ರಂಗಾರಾವ್ ಅವರ ಕಣ್ಣು ಆ ಲಡ್ಡುವಿನ ಮೇಲೆ ನಿಂತಿರುವ ರೀತಿ ಇದೆಯಲ್ಲ, ಅದೇ ಲಡ್ಡುವನ್ನು ಹಾರಿಸುವುದು. ಕೈಚಳಕ ಕ್ಯಾಮೆರಾದ್ದು, ನಂಬಿಕೆ ನಟನದು. ಈ ಚಿತ್ರವೂ 2010ರ ಜನವರಿಯಲ್ಲಿ ಬಣ್ಣದಲ್ಲಿ ಬಂತು. ಹೈದರಾಬಾದಿನ ಗೋಲ್ಡ್‌ಸ್ಟೋನ್ ಸಂಸ್ಥೆ ಆ ಕೆಲಸ ಮಾಡಿತು. ಆದರೆ ಬಣ್ಣದ ಪ್ರತಿಯ ಅವಧಿ ಮೂಲಕ್ಕಿಂತ ಕಡಿಮೆ ಎಂಬುದನ್ನು ಮರೆಯಬೇಡಿ. ಅದನ್ನಷ್ಟೇ ನೋಡಿದವರಿಗೆ ಸಿಕ್ಕಿರುವುದು ಇಡೀ ಮಾಯಾಬಜಾರ್ ಅಲ್ಲ.

ಸಿನಿಮಾಕ್ಕೂ ಮುಂಚೆ ಈ ಸೀಮೆಯಲ್ಲಿ ಕೇಳಿಕೆ ಇತ್ತು, ಪೌರಾಣಿಕ ನಾಟಕ ಇತ್ತು. ಈಗಲೂ ಊರಹಬ್ಬಕ್ಕೆ ಕುರುಕ್ಷೇತ್ರ ಆಡದ ಹಳ್ಳಿ ಕಡಿಮೆಯೇ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ರಾಕ್ಷಸ ಪಾತ್ರ ಬರುವಾಗ ಪಂಜಿಗೆ ರಾಳದ ಪುಡಿ ಎರಚಿದರೆ ಭಗ್ಗನೆ ಬೆಂಕಿ ಏಳುತ್ತಿತ್ತು. ಕರೆಂಟು ಬಂದ ಮೇಲೆ ಫೋಕಸ್ ಲೈಟಿಗೆ ಬಣ್ಣದ ಕಾಗದ ಕಟ್ಟಿದರು, ಆಮೇಲೆ ಹೊಗೆ ಬಿಡುವ ಯಂತ್ರ ಬಂತು, ಈಗ ಎಲ್‌ಇಡಿ ಪರದೆಯ ಮೇಲೆ ವಿಶ್ವರೂಪ. ಯಾರೂ ಇದನ್ನು ಅಪಚಾರ ಎನ್ನಲಿಲ್ಲ. ನಾಟಕ ಪ್ರತಿ ರಾತ್ರಿ ಹೊಸದಾಗಿ ಹುಟ್ಟುತ್ತದೆ, ಅದಕ್ಕೆ ಹೊಸ ದೀಪ ಸಲ್ಲುತ್ತದೆ. ಸಿನಿಮಾ ಹಾಗಲ್ಲ. ಅದು ಒಂದು ದಿನ, ಒಂದು ಬೆಳಕಿನಲ್ಲಿ, ಕೆಲವರು ಸೇರಿ ಮುಗಿಸಿಬಿಟ್ಟ ಕೆಲಸ. ಆ ನಟರು ಇಲ್ಲ, ಕ್ಯಾಮೆರಾಮನ್ ಇಲ್ಲ, ಬಂದು "ಹೀಗೆ ಬೇಡ" ಎನ್ನಲಾರರು. ನಾಟಕದ ನ್ಯಾಯವನ್ನು ಸಿನಿಮಾಕ್ಕೆ ಹಚ್ಚಿ "ಕಾಲಕ್ಕೆ ತಕ್ಕ ಹಾಗೆ" ಎನ್ನುವವರನ್ನು ನಾನು ಒಪ್ಪದಿರುವುದು ಇದಕ್ಕೇ.

ಬಣ್ಣ ಹಾಕುವವರ ಪರವಾಗಿ ಒಂದು ಗಟ್ಟಿಯಾದ ವಾದ ಇದೆ, ಅದನ್ನು ಮುಚ್ಚಿಡಬಾರದು. 1965ರಲ್ಲಿ ಬಣ್ಣದ ಫಿಲ್ಮು ಇರಲಿಲ್ಲವೆ? ಇತ್ತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ 'ಅಮರಶಿಲ್ಪಿ ಜಕಣಾಚಾರಿ' ಬಂದದ್ದು 1964ರಲ್ಲಿ. ಬಣ್ಣ ದುಬಾರಿ, ಕನ್ನಡದ ಮಾರುಕಟ್ಟೆ ಚಿಕ್ಕದು. ದುಡ್ಡಿದ್ದಿದ್ದರೆ ಹರಿಶ್ಚಂದ್ರನ ಆಸ್ಥಾನವನ್ನು ಬಣ್ಣದಲ್ಲೇ ತೆಗೆಯುತ್ತಿದ್ದರು ಎನ್ನುವುದು ಸುಳ್ಳಲ್ಲ. ಅಷ್ಟಕ್ಕೂ ಪುರಾಣವನ್ನು ನಾವು ಕಪ್ಪುಬಿಳುಪಿನಲ್ಲಿ ಯಾವತ್ತೂ ಕಲ್ಪಿಸಿಕೊಂಡವರಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ರಾಜನ ಶಲ್ಯ ಕೆಂಪು, ಋಷಿಯ ವಸ್ತ್ರ ಕಾವಿ ಎಂದು ಚಿಕ್ಕಂದಿನಲ್ಲೇ ನೋಡಿದ್ದೇವೆ. ಆಸ್ಥಾನದ ದೃಶ್ಯಗಳಿಗೆ ಬಣ್ಣ ಒಪ್ಪುವುದು ಇದರಿಂದ.

ಆದರೆ ದುಡ್ಡಿಲ್ಲ ಎಂದು ಗೊತ್ತಾದ ಮೇಲೆ ಅವರು ಕಪ್ಪುಬಿಳುಪಿಗೆಂದೇ ಬೆಳಕು ಜೋಡಿಸಿದರು. ಆ ಕಾಲದ ಸ್ಟುಡಿಯೋಗಳಲ್ಲಿ ಸೀರೆಯ ಬಣ್ಣ, ಗೋಡೆಯ ಬಣ್ಣವನ್ನು ಆರಿಸುತ್ತಿದ್ದುದೇ ಫಿಲ್ಮಿನ ಮೇಲೆ ಯಾವ ಬೂದು ಬರುತ್ತದೆ ಎಂದು ನೋಡಿ. ತೆರೆಯ ಮೇಲೆ ಅಚ್ಚ ಬಿಳಿಯಾಗಿ ಕಂಡದ್ದು ಸೆಟ್ಟಿನಲ್ಲಿ ತಿಳಿಹಳದಿ ಇದ್ದಿರಬಹುದು. ಹೀಗಾಗಿ "ನಿಜವಾದ ಬಣ್ಣವನ್ನು ಮರಳಿ ತಂದಿದ್ದೇವೆ" ಎಂಬ ಜಾಹೀರಾತಿನ ಮಾತಿಗೆ ಅರ್ಥವಿಲ್ಲ. ಕಂಪ್ಯೂಟರಿನಲ್ಲಿ ಆಗುವುದೇನು? ಚಿತ್ರವನ್ನು ಸ್ಕ್ಯಾನ್ ಮಾಡಿ, ಗೀರು ಧೂಳು ತೆಗೆದು, ಪ್ರತಿ ಶಾಟಿನಲ್ಲಿ ಕೆಲವು ಮುಖ್ಯ ಫ್ರೇಮುಗಳನ್ನು ಆರಿಸಿ, ಮುಖ, ಕೂದಲು, ಸೀರೆ, ಕಂಬ ಎಂದು ಗೆರೆ ಎಳೆದು ಬೇರೆ ಮಾಡಿ ಒಂದೊಂದಕ್ಕೂ ಬಣ್ಣ ಕೊಡುತ್ತಾರೆ. ನಡುವಿನ ಫ್ರೇಮುಗಳಿಗೆ ಸಾಫ್ಟ್‌ವೇರ್ ಅದನ್ನು ಹರಡುತ್ತದೆ, ತಪ್ಪಿದಲ್ಲಿ ಕೈಯಿಂದ ತಿದ್ದುತ್ತಾರೆ. ಬೆಳಕು ನೆರಳಿನ ಪ್ರಮಾಣ ಹಳೆಯದು, ಬಣ್ಣದ ಆಯ್ಕೆ ಪೂರ್ತಿ ಹೊಸದು. ತಾಳ್ಮೆಯ ಕೆಲಸ, ಹಗುರವಾಗಿ ಕಾಣಬೇಡಿ. ಆದರೆ ಅದು ಇಂದಿನವರ ಆಯ್ಕೆ.

ಆ ಆಯ್ಕೆ ಸೋಲುವುದು ಮಸಣದಲ್ಲಿ. ಕಪ್ಪುಬಿಳುಪಿನಲ್ಲಿ ಚಿತೆಯ ಬೆಂಕಿಯೂ ಬಿಳಿ, ಕಾವಲುಗಾರ ಹರಿಶ್ಚಂದ್ರನ ಮುಖವೂ ಬಿಳಿ. ಸುತ್ತ ಕತ್ತಲೆ. ಎರಡರಲ್ಲಿ ಯಾವುದನ್ನು ನೋಡಬೇಕೆಂದು ನಟನೇ ತೀರ್ಮಾನಿಸುತ್ತಾನೆ, ನಾವು ಆ ಮುಖದಿಂದ ಕಣ್ಣು ಕೀಳುವುದಿಲ್ಲ. ಮಗನ ಹೆಣ ತಂದ ಹೆಂಡತಿಯ ಹತ್ತಿರ ಸುಂಕ ಕೇಳುವ ಗಂಡ ಅವನು. ಬೆಂಕಿಗೆ ಕಿತ್ತಳೆ ಬಣ್ಣ ಬಂದ ಕೂಡಲೆ ಕಣ್ಣು ಮೊದಲು ಬೆಂಕಿಗೆ ಹೋಗುತ್ತದೆ. ಕಣ್ಣಿನ ಗುಣವೇ ಅದು. ಡೆಕರ್‌ನ ಮುಖಕ್ಕೆ ಆಗಬಾರದು ಎಂದದ್ದು ಇಲ್ಲಿ ಆಗುತ್ತದೆ. ನನ್ನನ್ನು ಕೇಳಿದರೆ ಆಸ್ಥಾನಕ್ಕೆ ಬಣ್ಣ ಕೊಟ್ಟು, ರಾಜ್ಯ ಹೋದ ಮೇಲೆ ಒಂದೊಂದಾಗಿ ಬಣ್ಣ ಇಳಿಸುತ್ತಾ ಮಸಣಕ್ಕೆ ಬರುವ ಹೊತ್ತಿಗೆ ಪೂರ್ತಿ ಕಪ್ಪುಬಿಳುಪಿಗೆ ಬಿಡಬೇಕಿತ್ತು. ಟಿಕೆಟ್ ಕೊಂಡವನು ದುಡ್ಡು ವಾಪಸ್ ಕೇಳುತ್ತಿದ್ದನೋ ಏನೋ, ಆ ಮಾತು ಬೇರೆ.

ಬಣ್ಣಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ, ಅದರ ಬಗ್ಗೆ ಯಾರೂ ಜಗಳ ಆಡುವುದಿಲ್ಲ. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ. ಎತ್ತರ 1 ಇದ್ದರೆ ಅಗಲ 1.37. ಸಿನಿಮಾಸ್ಕೋಪಿನಲ್ಲಿ ಅಗಲ 2.35. ಹಳೆಯ ಚಿತ್ರವನ್ನು ಈ ಅಗಲಕ್ಕೆ ತುಂಬಿಸಬೇಕೆಂದರೆ ಮೇಲೆ ಕೆಳಗೆ ಕತ್ತರಿಸಲೇಬೇಕು. ಲೆಕ್ಕ ಹಾಕಿ: ನೂರಕ್ಕೆ ನಲವತ್ತಕ್ಕೂ ಹೆಚ್ಚು ಭಾಗ ಹೋಗುತ್ತದೆ. ಕಿರೀಟ ಹೋಗುತ್ತದೆ, ಪಾದ ಹೋಗುತ್ತದೆ, ಕೈಮುಗಿದದ್ದು ಕಾಣುವುದಿಲ್ಲ. ಹಳೆಯ ಚಿತ್ರದ ಮರುಬಿಡುಗಡೆಯ ಪೋಸ್ಟರಿನಲ್ಲಿ 'ಈಗ ಸಿನಿಮಾಸ್ಕೋಪಿನಲ್ಲಿ' ಎಂದು ಹೆಮ್ಮೆಯಿಂದ ಹಾಕಿದ್ದರೆ ಏನು ಕೊಟ್ಟರು ಎಂಬುದರ ಜೊತೆ ಏನು ಕಿತ್ತುಕೊಂಡರು ಎಂದೂ ಕೇಳಿ. ಸ್ಟಾರ್ ಟ್ರೆಕ್‌ನವರು ಅಗಲ ಟಿ.ವಿ.ಗಳ ಕಾಲದಲ್ಲೂ ಹಳೆಯ ಚೌಕಟ್ಟನ್ನು ಕತ್ತರಿಸಲಿಲ್ಲ. ಎರಡು ಪಕ್ಕ ಕಪ್ಪುಪಟ್ಟಿ ಬಿಟ್ಟರು, ಅಷ್ಟೆ.

ಅವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. 2009ರಲ್ಲಿ ಬಂದ ಬ್ಲೂ-ರೇ ಡಿಸ್ಕಿನಲ್ಲಿ ಹಳೆಯ ದೃಶ್ಯಗಳನ್ನೂ ಹೊಸವನ್ನೂ ಇಟ್ಟರು. ಬೇಕಾದ್ದನ್ನು ರಿಮೋಟಿನಲ್ಲೇ ಆರಿಸಿಕೊಳ್ಳಬಹುದು. ಅಂಟುಚೀಟಿಯ ನೌಕೆ ನೋಡಬೇಕೆ, ನೋಡಿ. ಕಂಪ್ಯೂಟರಿನದು ಬೇಕೆ, ಅದೂ ಇದೆ. ಇದಕ್ಕೆ ತದ್ವಿರುದ್ಧ 'ಸ್ಟಾರ್ ವಾರ್ಸ್'. ಜಾರ್ಜ್ ಲ್ಯೂಕಸ್ 1997ರಲ್ಲಿ ತಮ್ಮದೇ ಹಳೆಯ ಚಿತ್ರಗಳಿಗೆ ಹೊಸ ದೃಶ್ಯ ಸೇರಿಸಿದರು. ಅನಂತರ ಹಳೆಯ ಪ್ರತಿ ಒಳ್ಳೆಯ ಗುಣಮಟ್ಟದಲ್ಲಿ ಸಿಗದಂತಾಗಿ ಅಭಿಮಾನಿಗಳು ಇವತ್ತಿಗೂ ಗೊಣಗುತ್ತಿದ್ದಾರೆ. ತಿದ್ದಿದವರು ಸ್ವತಃ ಕರ್ತೃವೇ ಆದರೂ ನನ್ನ ಸಹಾನುಭೂತಿ ಗೊಣಗುವವರ ಕಡೆಗೆ.

ಮುಟ್ಟದೆ ಉಳಿಸುವ ದಾರಿಯೂ ಒಂದಿದೆ, ಅದಕ್ಕೂ ಕನ್ನಡದ್ದೇ ಉದಾಹರಣೆ. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿಯವರು 1977ರಲ್ಲಿ ಮಾಡಿದ 'ಘಟಶ್ರಾದ್ಧ'ವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿಯವರ ಫಿಲ್ಮ್ ಫೌಂಡೇಷನ್ ಸೇರಿ ಸಂಸ್ಕರಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಅದನ್ನು ತೋರಿಸಿದರು. ಯಾರೂ ಬಣ್ಣ ಹಾಕಲಿಲ್ಲ, ಅಗಲ ಮಾಡಲಿಲ್ಲ. ಗೀರು ತೆಗೆದರು, ಎಸ್. ರಾಮಚಂದ್ರ ಅವರ ಕ್ಯಾಮೆರಾ ಕೊಟ್ಟ ಬೂದುಗಳನ್ನು ಮತ್ತೆ ಕಾಣುವಂತೆ ಮಾಡಿದರು.

ಕೋಲಾರದಲ್ಲಿ ನಿಂತು ಕೆಜಿಎಫ್ ಹೆಸರು ಎತ್ತದೆ ಇಳಿದರೆ ನೀವು ಬಿಡುವುದಿಲ್ಲ. 2018ರ ಆ ಚಿತ್ರ ನಮ್ಮ ಸೈನೈಡ್ ದಿಬ್ಬಗಳನ್ನು ದೇಶಕ್ಕೆಲ್ಲ ತೋರಿಸಿತು, ಕಂಪ್ಯೂಟರಿನ ಕೈಚಳಕ ಅದರಲ್ಲಿ ಬೇಕಾದಷ್ಟಿದೆ. ಕಥೆ ಕಟ್ಟುಕಥೆ, ಅದಕ್ಕೆ ತಕರಾರಿಲ್ಲ. ಆದರೆ ನಿಜವಾದ ಕೆಜಿಎಫ್‌ನಲ್ಲಿ 1965ರಲ್ಲಿ, ಅಂದರೆ ಸ್ಟಾರ್ ಟ್ರೆಕ್‌ನ ಪ್ರಾಯೋಗಿಕ ಕಂತು ತಯಾರಾಗುತ್ತಿದ್ದ ವರ್ಷವೇ, 'ಸತ್ಯ ಹರಿಶ್ಚಂದ್ರ' ಬಂದ ವರ್ಷವೇ, ಚಾಂಪಿಯನ್ ರೀಫ್ ಗಣಿಯ ಒಳಗೆ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣಗಳ ಜಾಡು ಹಿಡಿದಿದ್ದರು. ಇಡೀ ಭೂಮಿಯನ್ನು ತೂರಿಹೋಗಬಲ್ಲ ಕಣ, ಅದಕ್ಕೆ ಬಲೆ ಹಾಕಿ ಕಾದದ್ದು ಚಿನ್ನದ ಗಣಿಯ ಕತ್ತಲೆಯಲ್ಲಿ. ಗಣಿ 2001ರಲ್ಲಿ ಮುಚ್ಚಿತು. ಇಲ್ಲಿ ಕುಳಿತಿರುವ ಹುಡುಗರಲ್ಲಿ ಯಾರಾದರೂ ವಿಜ್ಞಾನ ಕಥೆ ಬರೆಯುವುದಾದರೆ ವಸ್ತು ಹುಡುಕಿಕೊಂಡು ಬೇರೆ ಗ್ರಹಕ್ಕೆ ಹೋಗಬೇಕಿಲ್ಲ.

ಕೊನೆಗೆ ಒಂದು ಕೋರಿಕೆ. ಹೊಸ ತಂತ್ರ ತೊಡಿಸುವುದಕ್ಕೂ ಹಳೆಯದು ಉಳಿದಿರಬೇಕು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆಕಂಡಿತು. ಇವತ್ತು ಅದರ ಒಂದು ಪ್ರತಿಯೂ ಇಲ್ಲ. ಅದಕ್ಕೆ ಬಣ್ಣ ಹಾಕಬೇಕೆ ಬೇಡವೆ ಎಂದು ಜಗಳವಾಡುವ ಯೋಗವೂ ನಮಗಿಲ್ಲ. ಬಣ್ಣದ ಪ್ರತಿ ಬಿಡುಗಡೆ ಮಾಡುವವರು ಕಪ್ಪುಬಿಳುಪಿನ ಪೂರ್ತಿ ಪ್ರತಿಯನ್ನೂ ಹಳೆಯ ಚೌಕಟ್ಟಿನಲ್ಲೇ ಶುದ್ಧಮಾಡಿ ಜೊತೆಗೆ ಕೊಡಲಿ, ತಿದ್ದಿದ್ದೇನು ಎಂದು ಪೋಸ್ಟರಿನಲ್ಲಿ ಬರೆಯಲಿ. ನೀವು ಮಾಡಬಹುದಾದ್ದೂ ಒಂದಿದೆ. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆಗಳಲ್ಲಿ ಮುಚ್ಚಿದ ಟಾಕೀಸುಗಳಿವೆ, ಅವುಗಳ ಪ್ರೊಜೆಕ್ಟರ್ ಕೋಣೆಗಳಿವೆ, ಟೂರಿಂಗ್ ಟಾಕೀಸ್ ನಡೆಸಿದವರ ಮನೆಯ ಅಟ್ಟಗಳಿವೆ. ಅಲ್ಲಿ ತಗಡಿನ ರೀಲು ಡಬ್ಬಿ ಕಂಡರೆ ಗುಜರಿಗೆ ಹಾಕಬೇಡಿ. ಮುಚ್ಚಳ ತೆಗೆದಾಗ ವಿನೆಗರ್‌ನಂಥ ಹುಳಿ ವಾಸನೆ ಬಂದರೆ ಫಿಲ್ಮು ಕೊಳೆಯಲು ಶುರುವಾಗಿದೆ ಎಂದರ್ಥ, ತಡಮಾಡಬೇಡಿ. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಇದೆ. ಡಬ್ಬಿಯ ಮೇಲಿನ ಹೆಸರು, ರೀಲಿನ ಸಂಖ್ಯೆ ಬರೆದುಕೊಂಡು ಅವರಿಗೆ ಒಂದು ಪತ್ರ ಹಾಕಿ.